ಮುಳ್ಳಿನ ಸುಳ್ಳು

ಟ್ಯಾಂಕ್ ಫುಲ್ ಮಾಡಿಸಿದ ಗಾಡಿಯ ಪೆಟ್ರೋಲ್ ಮುಳ್ಳು ಮೊದಲ ಕೆಲವು ದಿನ ‘ಎಫ್’ ಬಿಟ್ಟು ಕದಲುವುದಿಲ್ಲ. ಊರೆಲ್ಲ ಸುತ್ತಿ ಬಂದರೂ ಅಲ್ಲೇ ಠಿಕಾಣಿ. ಗಾಡಿ ಗಾಳಿ ಕುಡಿದೇ ಓಡುತ್ತಿರಬೇಕು ಎಂದು ಸವಾರ ಹಿಗ್ಗುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿಂದ ಕೆಂಪು ಗೆರೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಇಷ್ಟಾದರೂ ಯಾರೂ ಆ ಮುಳ್ಳಿನ ಮೇಲೆ ದೂರು ಹೇಳುವುದಿಲ್ಲ. ಬದಲಿಗೆ ಅದರ ಸ್ವಭಾವ ಕಲಿತುಕೊಳ್ಳುತ್ತಾರೆ. ‘ನಮ್ಮದರಲ್ಲಿ ಕೆಂಪು ಮುಟ್ಟಿದ ಮೇಲೂ ಮೂವತ್ತು ಕಿಲೋಮೀಟರ್ ಗ್ಯಾರಂಟಿ’ ಎಂದು ಹೆಮ್ಮೆಯಿಂದ ಹೇಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಯಂತ್ರ ಹೇಳುವ ಸುಳ್ಳಿಗೆ ಇವರೇ ತಿದ್ದುಪಡಿ ಹಾಕಿ ನಿಜ ಮಾಡಿಕೊಳ್ಳುತ್ತಾರೆ. ತಿದ್ದುಪಡಿ ತಪ್ಪಿತೆನ್ನಿ, ನಷ್ಟ ದೊಡ್ಡದೇನಲ್ಲ. ಗಾಡಿ ತಳ್ಳಿಕೊಂಡು ಸ್ವಲ್ಪ ದೂರ ನಡೆದರೆ ಬಂಕು ಸಿಗುತ್ತದೆ. ಸಿಗದಿದ್ದರೆ ಕೈ ಅಡ್ಡ ಹಾಕಿದಾಗ ನಿಲ್ಲಿಸುವ ಪುಣ್ಯಾತ್ಮನೊಬ್ಬ ಸಿಗುತ್ತಾನೆ. ನೆಲದ ಮೇಲೆ ಇಂಧನ ಮುಗಿಯುವುದು ಮುಜುಗರದ ಸಂಗತಿ, ಅಷ್ಟೇ.

ನೀರಿಗಿಳಿದ ಮೇಲೆ ಈ ಸಲಿಗೆ ನಡೆಯುವುದಿಲ್ಲ. ಅಳಿವೆ ಬಾಗಿಲಲ್ಲಿ ತೆರೆ ಏಳುತ್ತಿರುವಾಗ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಏನು ಮಾಡುತ್ತದೆಂದು ಕರಾವಳಿಯವರಿಗೆ ವಿವರಿಸಬೇಕಿಲ್ಲ. ಡೀಸೆಲ್ ಎಂಜಿನ್ನಾದರೆ ಇನ್ನೊಂದು ಫಜೀತಿ. ಟ್ಯಾಂಕ್ ಬತ್ತಿದಾಗ ಪೈಪಿನೊಳಕ್ಕೆ ಗಾಳಿ ಹೊಕ್ಕಿರುತ್ತದೆ. ಪಕ್ಕದ ಬೋಟಿನವರು ಕ್ಯಾನಿನಲ್ಲಿ ಡೀಸೆಲ್ ಕೊಟ್ಟರೂ ಎಂಜಿನ್ ಸುಲಭಕ್ಕೆ ಏಳುವುದಿಲ್ಲ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ, ಇಂಜೆಕ್ಟರಿನ ನಟ್ಟು ಒಂದೊಂದಾಗಿ ಸಡಿಲಿಸಿ, ಬರುವ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಏರ್ ತೆಗೆಯಬೇಕು. ಅದೂ ಹೊಯ್ದಾಡುವ ದೋಣಿಯ ಹೊಟ್ಟೆಯೊಳಗೆ ಬಗ್ಗಿ ಕೂತು. ಹಾಗಾಗಿ ಇಷ್ಟು ದಿನ ಕೋಲು ಅದ್ದಿ ನೋಡುತ್ತಿದ್ದ ಟ್ಯಾಂಕಿಗೆ ಮಟ್ಟವನ್ನು ಗೇಜಿಗೆ ತಿಳಿಸುವ ಒಂದು ಎಲೆಕ್ಟ್ರಿಕ್ ಸೆಂಡರ್ ಕೂರಿಸಿ, ಚುಕ್ಕಾಣಿಯ ಎದುರಿಗೆ ಗೇಜು ಹಾಕಿಕೊಳ್ಳೋಣ ಎಂದು ಹೊರಡುವವರ ಬಗ್ಗೆ ನನಗೆ ಪೂರ್ಣ ಸಹಾನುಭೂತಿ ಇದೆ. ತಕರಾರಿರುವುದು ಅವರು ಅಂಗಡಿಯಲ್ಲಿ ಕೇಳುವ ಪ್ರಶ್ನೆಯ ಬಗ್ಗೆ. ‘ಇದು ಎಷ್ಟು ಕರೆಕ್ಟಾಗಿ ತೋರಿಸುತ್ತೆ?’ ಎಂದು ಎಲ್ಲರೂ ಕೇಳುತ್ತಾರೆ. ‘ಕೆಟ್ಟಾಗ ಯಾವ ಕಡೆಗೆ ಸುಳ್ಳು ಹೇಳುತ್ತೆ?’ ಎಂದು ಯಾರೂ ಕೇಳುವುದಿಲ್ಲ. ಉಪ್ಪುಗಾಳಿಯಲ್ಲಿರುವ ವೈರು ಒಂದಲ್ಲ ಒಂದು ದಿನ ಕೆಡುವುದೇ. ಆ ದಿನ ಮುಳ್ಳು ‘ಖಾಲಿ’ ಎಂದು ಸುಳ್ಳು ಹೇಳಿದರೆ ದೋಣಿ ಸುಮ್ಮನೆ ದಡಕ್ಕೆ ಬರುತ್ತದೆ. ‘ಇನ್ನೂ ಇದೆ’ ಎಂದು ಸುಳ್ಳು ಹೇಳಿದರೆ ದಡಕ್ಕೆ ಬರುವುದಿಲ್ಲ. ಸೆಂಡರ್ ಆರಿಸುವಾಗ ಬೇರೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಈ ದಿಕ್ಕನ್ನು ಎಂಬುದು ನನ್ನ ವಾದ.

ಗೇಜೇ ಇಲ್ಲದೆ ಜಗತ್ತು ಬಹಳ ಕಾಲ ಓಡಿದೆ ಎಂಬುದು ನಿಜ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿತ್ತು. ಎಷ್ಟಿದೆ ಎಂದು ನೋಡಬೇಕಾದರೆ ಕೂತವರು ಎದ್ದು, ಸೀಟು ಎತ್ತಿ, ಕೋಲು ಇಳಿಸಬೇಕಿತ್ತು. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1960ರ ದಶಕ ಕಾಲಿಡುವವರೆಗೂ ಗೇಜು ಇರಲಿಲ್ಲ. ಕಾಲಲ್ಲಿ ತಿರುಗಿಸುವ ಒಂದು ರಿಸರ್ವ್ ಕಾಕ್ ಇತ್ತು, ಅಷ್ಟೇ. ನಮ್ಮ ಚೇತಕ್ ಸ್ಕೂಟರಿನವರು, ಬುಲೆಟ್ಟಿನವರು ಈ ಕಾಕನ್ನು ನಂಬಿಯೇ ಸಂಸಾರ ಮಾಡಿದರು. ‘ರಿಸರ್ವ್ ಬಿತ್ತು’ ಎನ್ನುವುದು ಒಂದು ಕಾಲದಲ್ಲಿ ಮನೆಮಾತು. ರಿಸರ್ವ್ ಕಾಕಿನ ಹಿರಿಮೆಯೆಂದರೆ ಅದು ಎಷ್ಟಿದೆ ಎಂಬ ಲೆಕ್ಕ ಕೊಡುವ ಗೋಜಿಗೇ ಹೋಗುವುದಿಲ್ಲ. ಎಂಜಿನ್ ಉಗ್ಗಿದಾಗ ಒಂದೇ ಸಂಗತಿ ಹೇಳುತ್ತದೆ: ಇನ್ನು ಸ್ವಲ್ಪವೇ ಉಳಿದಿದೆ. ಕಾಕನ್ನು ರಿಸರ್ವಿನಲ್ಲೇ ಮರೆತು ಓಡಿಸಿದವನ ಪಾಡು ಬೇರೆ, ಅದು ಯಂತ್ರದ ತಪ್ಪಲ್ಲ. ಆದರೆ ಎಂಜಿನ್ ಉಗ್ಗುವುದನ್ನೇ ಸೂಚನೆಯಾಗಿ ಇಟ್ಟುಕೊಳ್ಳುವುದು ರಸ್ತೆಗೆ ಸರಿ. ತೆರೆಯ ಎದುರು ದೋಣಿಯ ತಲೆ ಹಿಡಿದು ನಿಲ್ಲಿಸಿರುವ ಎಂಜಿನ್ನಿಗೆ ಉಗ್ಗುವ ಸ್ವಾತಂತ್ರ್ಯವಿಲ್ಲ. ಆದ್ದರಿಂದ ದೋಣಿಗೆ ಮುಂಚಿತವಾಗಿ ಹೇಳುವ ಮುಳ್ಳು ಬೇಕೇ ಬೇಕು.

ಆ ಮುಳ್ಳಿನ ಹಿಂದಿರುವ ಯಂತ್ರ ನೋಡಿದರೆ ನಗು ಬರುವಷ್ಟು ಸರಳ. ಟ್ಯಾಂಕಿನ ಮೇಲ್ಭಾಗದಲ್ಲಿ ಒಂದೂವರೆ ಇಂಚಿಗಿಂತ ತುಸು ದೊಡ್ಡ ತೂತು. ಅದರ ಸುತ್ತ ಐದು ಸ್ಕ್ರೂ. ಐದರಲ್ಲಿ ಒಂದು ಬೇಕೆಂದೇ ಸ್ವಲ್ಪ ಓರೆ ಅಂತರದಲ್ಲಿರುತ್ತದೆ, ಸೆಂಡರ್ ಒಂದೇ ರೀತಿಯಲ್ಲಿ ಕೂರಲಿ, ಹಿಂದುಮುಂದಾಗದಿರಲಿ ಎಂದು. ತೂತಿನೊಳಗೆ ಇಳಿಯುವ ಪಟ್ಟಿಗೆ ಒಂದು ಕೀಲು, ಕೀಲಿಗೆ ಒಂದು ಉದ್ದ ಕಡ್ಡಿ, ಕಡ್ಡಿಯ ತುದಿಗೆ ತೇಲುವ ಬುರುಡೆ. ಗ್ಯಾರೇಜಿನವರು ಇಡೀ ಸಾಮಾನನ್ನೇ ಫ್ಲೋಟ್ ಎನ್ನುತ್ತಾರೆ. ಬುರುಡೆ ಏರಿಳಿದಂತೆ ಕೀಲಿನ ಹತ್ತಿರ ಒಂದು ತಗಡಿನ ನಾಲಿಗೆ ಸುತ್ತಿದ ತಂತಿಯ ಮೇಲೆ ಉಜ್ಜುತ್ತ ಸಾಗುತ್ತದೆ. ಕರೆಂಟು ಹಾಯಬೇಕಾದ ತಂತಿಯ ಉದ್ದ ಹೆಚ್ಚುಕಡಿಮೆಯಾಗುತ್ತದೆ. ಗೇಜು ಅಳೆಯುವುದು ಆ ತಡೆಯನ್ನು, ಓಮ್‌ಗಳಲ್ಲಿ. ಲೀಟರಿನ ವಿಷಯ ಅದಕ್ಕೆ ಗೊತ್ತೇ ಇಲ್ಲ. ಹೊಸ ಬಗೆಯವು ಮುಚ್ಚಿದ ಕೊಳವೆಯ ರೂಪದಲ್ಲಿ ಬರುತ್ತವೆ: ಅಯಸ್ಕಾಂತ ಹೊತ್ತ ಬುರುಡೆ ಕೊಳವೆಯ ಹೊರಗೆ ಮೇಲೆ ಕೆಳಗೆ ಜಾರುತ್ತದೆ, ಒಳಗಿನ ಪುಟ್ಟ ರೀಡ್ ಸ್ವಿಚ್ಚುಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ. ಉಜ್ಜಿ ಸವೆಯುವ ಭಾಗವಿಲ್ಲ, ಆದರೆ ಮುಳ್ಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಎರಡರಲ್ಲಿ ಯಾವುದಾದರೂ ಆಗಬಹುದು. ಪಂಚಾಯಿತಿ ಇರುವುದು ಬೇರೆ ಕಡೆ. ಅಮೆರಿಕದ ಪದ್ಧತಿಯ ಸೆಂಡರ್ ಟ್ಯಾಂಕ್ ಖಾಲಿಯಿದ್ದಾಗ ಸುಮಾರು 240 ಓಮ್, ತುಂಬಿದಾಗ 33 ಓಮ್ ಕೊಡುತ್ತದೆ. ಯುರೋಪಿನ ಪದ್ಧತಿಯದು ಇದಕ್ಕೆ ತಿರುವುಮುರುವು: ಖಾಲಿಗೆ 10, ತುಂಬಿದ್ದಕ್ಕೆ 180. ಒಂದು ಪದ್ಧತಿಯ ಸೆಂಡರನ್ನು ಇನ್ನೊಂದು ಪದ್ಧತಿಯ ಗೇಜಿಗೆ ಜೋಡಿಸಿದರೆ ಡೀಸೆಲ್ ಹಾಕಿದಷ್ಟೂ ಮುಳ್ಳು ಖಾಲಿಯ ಕಡೆಗೆ ಹೊರಡುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಿಡಿಬಿಡಿಯಾಗಿ ತಂದು ಜೋಡಿಸುವವರು ಮೊದಲು ಮಲ್ಟಿಮೀಟರ್ ಹಿಡಿದು ಈ ಅಂಕಿ ನೋಡಿಕೊಳ್ಳುವುದು ಒಳ್ಳೆಯದು.

ಈ ಎರಡು ಪದ್ಧತಿಗಳಲ್ಲಿ ನಿಖರತೆಯ ದೃಷ್ಟಿಯಿಂದ ಮೇಲುಕೀಳಿಲ್ಲ. ವ್ಯತ್ಯಾಸ ಎದ್ದು ಕಾಣುವುದು ಕೆಟ್ಟಾಗ. ವೈರು ಪೂರಾ ಕಿತ್ತುಬಂತು ಎಂದುಕೊಳ್ಳಿ. ತಡೆ ಅನಂತ. ಅಮೆರಿಕದ ಗೇಜು ಅದನ್ನು 240ಕ್ಕಿಂತ ಹೆಚ್ಚು ಎಂದು ಓದಿ ಖಾಲಿಗೆ ಬೀಳುತ್ತದೆ. ಯುರೋಪಿನದು 180ಕ್ಕಿಂತ ಹೆಚ್ಚು ಎಂದು ಓದಿ, ತುಂಬಿ ತುಳುಕುತ್ತಿದೆ ಎನ್ನುತ್ತದೆ. ಆದರೆ ಕಿತ್ತುಬರುವುದು ಅಷ್ಟು ಕೆಡುಕಲ್ಲ, ಥಟ್ಟನೆ ಗೊತ್ತಾಗುತ್ತದೆ. ಕಡಲಲ್ಲಿ ದಿನನಿತ್ಯ ನಡೆಯುವುದು ಇನ್ನೂ ನಯವಾದ ಮೋಸ. ಸೆಂಡರಿನ ನೆತ್ತಿಯ ಮೇಲಿನ ಟರ್ಮಿನಲ್ಲಿಗೆ ಉಪ್ಪು ತಾಗಿ ಹಸಿರು ಕಿಲುಬು ಹತ್ತುತ್ತದೆ. ವೈರಿನ ತುದಿಯ ತಾಮ್ರದ ಎಳೆಗಳು ಕಪ್ಪಗಾಗಿ ಪುಡಿಯಾಗುತ್ತವೆ. ಅರ್ತ್ ವೈರು ಸಡಿಲಾಗುತ್ತದೆ. ಇವೆಲ್ಲ ಸರ್ಕೀಟಿಗೆ ತಡೆ ಸೇರಿಸುತ್ತವೆ, ತೆಗೆಯುವುದಿಲ್ಲ. ಹೀಗೆ 30 ಓಮ್ ಸೇರಿತು ಎನ್ನೋಣ. ಅಮೆರಿಕದ ಪದ್ಧತಿಯಲ್ಲಿ ಅರ್ಧ ಟ್ಯಾಂಕ್ ಇದ್ದಾಗ ಮುಳ್ಳು ಅರ್ಧಕ್ಕೂ ಕಾಲಿಗೂ ನಡುವೆ ನಿಲ್ಲುತ್ತದೆ. ಯಜಮಾನ ಒಂದಿಷ್ಟು ಬೇಗ ಡೀಸೆಲ್ ಹಾಕಿಸುತ್ತಾನೆ, ‘ಇಷ್ಟೇ ಹಿಡೀತಾ?’ ಎಂದು ಗೊಣಗುತ್ತಾನೆ. ಯುರೋಪಿನ ಪದ್ಧತಿಯಲ್ಲಿ ಟ್ಯಾಂಕ್ ಬರಿದಾದಾಗ 10 ಇರಬೇಕಾದಲ್ಲಿ 40 ಕಾಣಿಸುತ್ತದೆ. ಮುಳ್ಳು ಸರಿಸುಮಾರು ಆರರಲ್ಲೊಂದು ಭಾಗ ಇದೆ ಎನ್ನುತ್ತದೆ. 600 ಲೀಟರಿನ ಟ್ಯಾಂಕಾದರೆ ನೂರು ಲೀಟರ್ ಇಲ್ಲದ ಡೀಸೆಲ್! ಕಿಲುಬು ನಿಧಾನಕ್ಕೆ ಏರುವುದರಿಂದ ಸುಳ್ಳೂ ನಿಧಾನಕ್ಕೆ ಬೆಳೆಯುತ್ತದೆ, ಯಾರ ಗಮನಕ್ಕೂ ಬರುವುದಿಲ್ಲ. ಸೆಂಡರ್ ಎರಡೂ ದೋಣಿಗಳಲ್ಲಿ ನೆಟ್ಟಗಿದೆ, ಕಿಲುಬೂ ಒಂದೇ. ಆದರೂ ಒಂದು ದೋಣಿ ಬೇಗ ದಡಕ್ಕೆ ಬಂತು, ಇನ್ನೊಂದು ಹೊರಗೆ ಉಳಿಯಿತು.

ಕೆಡುವುದನ್ನು ತಡೆಯಲಾಗದಿದ್ದರೆ ಕೆಡುವ ದಿಕ್ಕನ್ನಾದರೂ ನಿರ್ಧರಿಸಿಕೊಳ್ಳಬೇಕೆಂಬ ಬುದ್ಧಿ ಹೊಸದಲ್ಲ. ರೈಲಿನವರಿಗೆ ಇದು 1876ರಲ್ಲೇ ಬಂತು, ದುಬಾರಿ ಬೆಲೆಗೆ. ಇಂಗ್ಲೆಂಡಿನ ಅಬಟ್ಸ್ ರಿಪ್ಟನ್ ಎಂಬಲ್ಲಿ ಆ ವರ್ಷದ ಜನವರಿ 21ರಂದು ಹಿಮ ಸುರಿಯುತ್ತಿತ್ತು. ಆ ಮಾರ್ಗದಲ್ಲಿ ಕೈಮರವನ್ನು ಮಾಮೂಲಾಗಿ ‘ದಾರಿ ಬಿಟ್ಟಿದೆ’ ಎಂಬ ಸ್ಥಿತಿಯಲ್ಲೇ ಇಡುವುದು ರೂಢಿ. ಅಪಾಯವಿದ್ದಾಗ ಮಾತ್ರ ಕೈ ಮೇಲೆತ್ತುತ್ತಿದ್ದರು. ಹಿಮ ಅಂಟಿ ಹೆಪ್ಪುಗಟ್ಟಿದ್ದರಿಂದ ಸಿಗ್ನಲ್‌ಮನ್ ಸನ್ನೆಗೋಲನ್ನು ‘ನಿಲ್ಲು’ ಸ್ಥಿತಿಗೆ ತಂದರೂ ಕೈ ಮೇಲೇಳಲಿಲ್ಲ. ಎಡಿನ್‌ಬರೋದಿಂದ ಲಂಡನ್ನಿಗೆ ಬರುತ್ತಿದ್ದ ಎಕ್ಸ್‌ಪ್ರೆಸ್, ಬದಿಗೆ ಸರಿಯುತ್ತಿದ್ದ ಕಲ್ಲಿದ್ದಲಿನ ಗಾಡಿಗೆ ಗುದ್ದಿತು. ಆ ರಾಶಿಗೆ ಎದುರಿನಿಂದ ಬಂದ ಮತ್ತೊಂದು ಎಕ್ಸ್‌ಪ್ರೆಸ್ ಬಡಿಯಿತು. ಇದಾದ ಮೇಲೆ ಕೈಮರದ ಸಹಜ ಸ್ಥಿತಿಯೇ ‘ನಿಲ್ಲು’ ಎಂದಾಯಿತು. ಮುಂದೆ ನಮ್ಮ ನಿಲ್ದಾಣಗಳಲ್ಲೂ ಕಾಣುತ್ತಿದ್ದ ಮೇಲ್ಮುಖದ ಕೈಮರಗಳಲ್ಲಿ ತಂತಿ ತುಂಡಾದರೆ ಕೈ ತನ್ನ ಭಾರಕ್ಕೇ ಅಡ್ಡ ಬಿದ್ದು ರೈಲನ್ನು ನಿಲ್ಲಿಸುತ್ತಿತ್ತು. ಕೆಟ್ಟ ಕೈಮರ ರೈಲನ್ನು ತಡ ಮಾಡಬಹುದು, ಕೊಲ್ಲಬಾರದು. ತಡವಾದ ರೈಲಿಗೆ ಬೈಯುತ್ತ ಕೂತ ಪ್ರಯಾಣಿಕ ಜೀವಂತ ಇರುವುದರಿಂದಲೇ ಬೈಯುತ್ತಿದ್ದಾನೆ ಎಂಬುದು ಅವನಿಗೆ ಹೊಳೆಯುವುದಿಲ್ಲ, ಬಿಡಿ.

ಇಲ್ಲಿ ವಿದ್ಯುತ್ ಬಲ್ಲವರು ಎದ್ದು ನಿಲ್ಲುತ್ತಾರೆ. ವೈರು ಕಿತ್ತುಬರುವುದನ್ನೇ ಹೇಳುತ್ತೀರಲ್ಲ, ಶಾರ್ಟ್ ಆದರೆ? ಸೆಂಡರಿನ ವೈರು ಉಜ್ಜಿ ಸವೆದು ನೆಗೆಟಿವ್‌ಗೆ ತಾಗಿದರೆ ತಡೆ ಸೊನ್ನೆ. ಆಗ ನಿಮ್ಮ ಮೆಚ್ಚಿನ ಅಮೆರಿಕದ ಗೇಜು ‘ಫುಲ್’ ಎನ್ನುತ್ತದೆ, ಯುರೋಪಿನದು ‘ಖಾಲಿ’ ಎಂದು ನಿಜಾಯಿತಿ ಮೆರೆಯುತ್ತದೆ. ಆಕ್ಷೇಪ ನ್ಯಾಯವಾದದ್ದೇ. ಎರಡೂ ಕಡೆ ಒಂದೊಂದು ಅಪಾಯದ ಬಾಗಿಲಿದೆ. ಯಾವುದು ಹೆಚ್ಚು ಸಲ ತೆರೆಯುತ್ತದೆ ಎಂಬುದಷ್ಟೇ ಪ್ರಶ್ನೆ. ಕಾರಿನಲ್ಲಿ ಇಡೀ ಕಬ್ಬಿಣದ ಮೈಯೇ ನೆಗೆಟಿವ್. ಸವೆದ ವೈರಿಗೆ ತಾಗಲು ಎಲ್ಲೆಂದರಲ್ಲಿ ಜಾಗ. ಮರದ ಅಥವಾ ಫೈಬರ್ ದೋಣಿಯಲ್ಲಿ ಮೈಗೆ ಕರೆಂಟಿನ ನಂಟೇ ಇಲ್ಲ, ನೆಗೆಟಿವ್‌ಗೂ ಬೇರೆ ವೈರು ಎಳೆಯಬೇಕು. ಸವೆದ ವೈರು ಹುಡುಕಿಕೊಂಡು ಹೋಗಿ ಎಂಜಿನ್ನನ್ನೋ ಟ್ಯಾಂಕನ್ನೋ ಮುಟ್ಟಬೇಕು. ಶಾರ್ಟ್ ಅಪರೂಪ, ಕಿಲುಬು ನಿತ್ಯ. ಕಬ್ಬಿಣದ ಬೋಟಿನ ಯಜಮಾನರು ಮಾತ್ರ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕು. ಇನ್ನೊಂದು ಕೇಡು ಎರಡೂ ಪದ್ಧತಿಗೆ ಸಮಾನ: ಬುರುಡೆಯ ಕಡ್ಡಿ ಗಸಿಗೆ ಅಂಟಿಯೋ ಟ್ಯಾಂಕಿನೊಳಗಿನ ಅಡ್ಡತಗಡಿಗೆ ತಗುಲಿಯೋ ನಿಂತುಬಿಡುವುದು. ಅಂಟಿಕೊಂಡ ಬುರುಡೆ ಅಬಟ್ಸ್ ರಿಪ್ಟನ್ನಿನ ಕೈಮರದ ಸಂತಾನ. ಇಂಧನ ಮೇಲಿದ್ದಾಗ ನಿಂತದ್ದು ಕೆಳಗಿಳಿದಾಗಲೂ ಅಲ್ಲೇ ಇರುವುದರಿಂದ ಅದು ಸದಾ ಆಶಾವಾದಿ. ಓಮ್ ಆರಿಸಿ ಇದನ್ನು ಗೆಲ್ಲಲಾಗದು. ಗಂಟೆಗಟ್ಟಲೆ ಎಂಜಿನ್ ಓಡಿದರೂ ಮುಳ್ಳು ತುಸುವೂ ನಡುಗದೆ ಒಂದೇ ಕಡೆ ನಿಂತಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ ಎಂದು ತಿಳಿದಿರುವುದೊಂದೇ ಉಪಾಯ.

ಕೋಲಿನ ಪಕ್ಷದವರು ಇದನ್ನೆಲ್ಲ ಕೇಳಿ ಮೀಸೆಯಡಿಯಲ್ಲಿ ನಗುತ್ತಿರುತ್ತಾರೆ. ಕೋಲಿಗೆ ಕಿಲುಬಿಲ್ಲ, ಓಮ್ ಇಲ್ಲ, ಸುಳ್ಳೂ ಇಲ್ಲ. ಕೋಲಿನ ಬಗ್ಗೆ ನನಗೆ ಗೌರವವಿದೆ. ಸೆಂಡರ್ ಕೂರಿಸಿದ ಮೇಲೆ ಅದನ್ನು ಒಲೆಗೆ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಕೋಲಿಗೆ ಎರಡು ಮಿತಿಗಳಿವೆ. ಒಂದು, ಅದು ಬಂದರಿನ ಸಾಧನ. ಹೊಯ್ದಾಟದ ನಡುವೆ ಮುಚ್ಚಳ ತೆಗೆದರೆ ಸೀರ್ಪನಿಯ ಉಪ್ಪುನೀರು ಟ್ಯಾಂಕಿಗೆ ಹೋಗುತ್ತದೆ, ಹೊರಬಂದ ಕೋಲಿನ ಮೇಲೆ ಯಾವುದು ಡೀಸೆಲ್ಲಿನ ಮಟ್ಟ, ಯಾವುದು ಅಲೆ ಎರಚಿದ್ದು ಎಂದು ತಿಳಿಯುವುದಿಲ್ಲ. ಅನೇಕ ದೋಣಿಗಳಲ್ಲಿ ಡೆಕ್ಕಿನಿಂದ ಟ್ಯಾಂಕಿಗೆ ಇಳಿಯುವ ಹೋಸ್ ಬಳುಕಿಕೊಂಡಿರುವುದರಿಂದ ಕೋಲು ತಳ ಮುಟ್ಟುವುದೇ ಇಲ್ಲ. ಎರಡನೆಯದು, ಕೋಲು ಕೊಡುವುದು ಸೆಂಟಿಮೀಟರ್. ಲೀಟರ್ ಮಾಡುವುದು ಮನುಷ್ಯ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದರ ಇಂಧನ ಗೇಜುಗಳು ಕೆಟ್ಟು ಪೂರ್ತಿ ಕಪ್ಪಾಗಿದ್ದವು. ಗೇಜು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡಿತು. ಆಗ ಅಳತೆಕಡ್ಡಿಯಿಂದ ನೋಡಿದರು. ಕಡ್ಡಿಯೂ ಸುಳ್ಳು ಹೇಳಲಿಲ್ಲ. ಆದರೆ ಲೀಟರನ್ನು ತೂಕಕ್ಕೆ ತಿರುಗಿಸುವಾಗ ಒಂದು ಲೀಟರಿಗೆ 1.77 ಎಂದು ಗುಣಿಸಿದರು. ಅದು ಪೌಂಡಿನ ಲೆಕ್ಕ, ಕಿಲೋಗ್ರಾಮಿಗೆ 0.8ರ ಆಸುಪಾಸು ಆಗಬೇಕಿತ್ತು. 22,300 ಕಿಲೋ ಬೇಕಾದಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಹಾರಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯತೊಡಗಿ ಎಂಜಿನ್ನುಗಳು ಒಂದಾದ ಮೇಲೊಂದು ನಿಂತವು. ಪೈಲಟ್ಟುಗಳು ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿ ಎಲ್ಲರ ಜೀವ ಉಳಿಸಿದ್ದು ಅವರ ಕೈಚಳಕ. ಕೋಲು ನಂಬಿಕಸ್ತನೇ ಇರಬಹುದು. ಅದರ ಪಕ್ಕದಲ್ಲಿ ಬೇರೆ ದಾರಿಯಿಂದ ಬಂದ ಇನ್ನೊಂದು ಸಾಕ್ಷಿ ಇದ್ದಿದ್ದರೆ ಆ ಗುಣಾಕಾರ ನೆಲದ ಮೇಲೇ ಸಿಕ್ಕಿಬೀಳುತ್ತಿತ್ತು.

ಹೊಸ ತಲೆಮಾರಿನವರ ಆಕ್ಷೇಪ ಇನ್ನೊಂದು ತುದಿಯದು: ಬುರುಡೆ, ಕಡ್ಡಿ ಎಲ್ಲ ಯಾವ ಕಾಲದ್ದು, ಪೈಪಿಗೆ ಫ್ಲೋ ಮೀಟರ್ ಹಾಕಿ, ಎಂಜಿನ್ ಎಷ್ಟು ಕುಡಿಯಿತು ಎಂದು ಮಿಲಿಲೀಟರಿನವರೆಗೆ ಹೇಳುತ್ತದೆ. ಹೇಳುತ್ತದೆ, ನಿಜ. ಪೆಟ್ರೋಲ್ ಎಂಜಿನ್ನಿಗೆ ಅದರಷ್ಟು ಚೊಕ್ಕ ಲೆಕ್ಕ ಇನ್ನೊಂದಿಲ್ಲ. ಡೀಸೆಲ್ ಎಂಜಿನ್ನು ಎಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಮರಳಿ ಟ್ಯಾಂಕಿಗೆ ಕಳಿಸುತ್ತದೆ. ಹಾಗಾಗಿ ಹೋಗುವ ದಾರಿಗೊಂದು, ಬರುವ ದಾರಿಗೊಂದು ಎರಡು ಮೀಟರ್ ಹಾಕಿ ಕಳೆಯಬೇಕು, ಎರಡರ ಸಣ್ಣ ತಪ್ಪುಗಳು ಸೇರಿ ಉಳಿಕೆಯಲ್ಲಿ ದೊಡ್ಡದಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಫ್ಲೋ ಮೀಟರ್ ಅಳೆಯುವುದು ಖರ್ಚನ್ನು. ಬೊಕ್ಕಸದ ಗೋಡೆಯಲ್ಲೇ ತೂತಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಸೋರುವ ಜಾಯಿಂಟು, ತುಂಬಿಸುವಾಗಲೇ ಕಡಿಮೆ ಬಿದ್ದ ಡೀಸೆಲ್, ಇವೆರಡೂ ಅದರ ಪುಸ್ತಕಕ್ಕೆ ಏರುವುದಿಲ್ಲ. ಟ್ಯಾಂಕಿನ ಗೇಜು ಹೇಳಿದ್ದನ್ನು ನಂಬದಿದ್ದರೆ ಏನಾಗಬಹುದೆಂಬುದಕ್ಕೂ ಆಕಾಶದಲ್ಲೇ ಉದಾಹರಣೆಯಿದೆ. 2001ರ ಆಗಸ್ಟ್ 24ರಂದು ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟ ಏರ್ ಟ್ರಾನ್ಸಾಟ್ ವಿಮಾನದ ಬಲ ಎಂಜಿನ್ನಿನ ಬಳಿ ಇಂಧನ ಸೋರುತ್ತಿತ್ತು. ಟ್ಯಾಂಕಿನ ಅಂಕಿ ಅನುಮಾನ ಹುಟ್ಟಿಸುವಂತೆ ಇಳಿಯುತ್ತಿದ್ದರೂ ಪೈಲಟ್ಟುಗಳು ಮೊದಮೊದಲು ಕಂಪ್ಯೂಟರ್ ತಪ್ಪಿರಬೇಕು ಎಂದುಕೊಂಡರು. ಚೆನ್ನಾಗಿದ್ದ ಬದಿಯ ಇಂಧನವನ್ನೂ ಸೋರುವ ಬದಿಗೆ ಬಿಟ್ಟರು. ಕೊನೆಗೆ ಎರಡೂ ಎಂಜಿನ್ ನಿಂತು, ಸುಮಾರು 19 ನಿಮಿಷ ತೇಲಿ, ಅಜೋರ್ಸ್ ದ್ವೀಪದಲ್ಲಿ ಇಳಿದರು. ಒಳಗಿದ್ದ 306 ಮಂದಿಯೂ ಬದುಕಿದರು. ಗೇಜು ‘ಕಡಿಮೆ ಇದೆ’ ಎಂದಾಗ ಅದು ಸುಳ್ಳಾದರೂ ನಿಜವೆಂದೇ ನಡೆದುಕೊಳ್ಳುವ ಅಭ್ಯಾಸ ಬೇಕು ಎನ್ನುವುದು ಇದಕ್ಕೇ.

ಹಾಗಾದರೆ ಮುಳ್ಳನ್ನು ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುವಂತೆ ಬಗ್ಗಿಸಿಟ್ಟರೆ ಆಯಿತಲ್ಲ ಎನ್ನಬಹುದು. ಇದು ನನ್ನ ವಾದಕ್ಕೆ ಎದುರಾಗಬಲ್ಲ ಅತಿ ಗಟ್ಟಿ ಪ್ರಶ್ನೆ, ಏಕೆಂದರೆ ಇದು ನನ್ನ ಮಾತನ್ನೇ ಹಿಡಿದು ನನ್ನನ್ನು ಎಳೆದಾಡುತ್ತದೆ. ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಮನೆಗಳನ್ನು ನೋಡಿ: ಎರಡನೆಯ ವಾರದಿಂದಲೇ ಮನೆಮಂದಿಯೆಲ್ಲ ಮನಸ್ಸಿನಲ್ಲೇ ಹತ್ತು ಕಳೆದು, ಮತ್ತೂ ಎರಡು ನಿಮಿಷ ಸೇರಿಸಿಕೊಂಡು, ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಗೊತ್ತಿರುವ ಸುಳ್ಳು ಎಚ್ಚರಿಕೆಯಾಗಿ ಉಳಿಯುವುದಿಲ್ಲ. ಮೂವತ್ತು ಕಿಲೋಮೀಟರ್ ಗ್ಯಾರಂಟಿಯ ಮಹಾಶಯರು ಹುಟ್ಟುವುದೂ ಹೀಗೇ. ಮೀನುಗಾರಿಕೆಯ ಬೋಟಿಗೆ ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. ಮಲ್ಪೆ, ಮಂಗಳೂರುಗಳಿಂದ ಹೊರಡುವ ಆಳಸಮುದ್ರದ ಬೋಟುಗಳು ಸಾವಿರಾರು ಲೀಟರ್ ಡೀಸೆಲ್ ಹೊತ್ತು ಹತ್ತು ದಿನ, ಅದಕ್ಕೂ ಹೆಚ್ಚು ಹೊರಗಿರುತ್ತವೆ. ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದೇ. ಮೀನು ಬೀಳುತ್ತಿರುವಾಗ ಸುಳ್ಳು ಮುಳ್ಳನ್ನು ನಂಬಿ ಬಲೆ ಎತ್ತು ಎಂದರೆ ಬೋಟು ನಡೆಸುವ ಯಾವ ತಾಂಡೇಲನೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದ್ದರಿಂದ ಎರಡನ್ನು ಬೇರೆ ಮಾಡಬೇಕು. ಆರೋಗ್ಯವಾಗಿರುವಾಗ ಮುಳ್ಳು ಆದಷ್ಟೂ ನಿಜ ಹೇಳಲಿ. ಕಾಯಿಲೆ ಬಿದ್ದಾಗ ಮಾತ್ರ ಖಾಲಿಯ ಕಡೆಗೆ ಬೀಳಲಿ. ಮೊದಲನೆಯದು ಅಳತೆಯಿಂದ ಆಗುವ ಕೆಲಸ, ಎರಡನೆಯದು ಆಯ್ಕೆಯಿಂದ.

ನಿಜ ಹೇಳಿಸುವುದೂ ಸುಲಭವಲ್ಲ. ಟ್ಯಾಂಕಿನ ಆಕಾರ ಅಡ್ಡ ಬರುತ್ತದೆ. ದೋಣಿಯ ಅಡಿ ವಿ ಆಕಾರದ್ದು, ಅದಕ್ಕೆ ಹೊಂದಿಕೊಂಡ ಟ್ಯಾಂಕೂ ಹಾಗೇ. ಪೂರ್ತಿ ವಿ ಆಕಾರದ ಟ್ಯಾಂಕಿನಲ್ಲಿ ಅರ್ಧ ಎತ್ತರಕ್ಕೆ ಇಂಧನವಿದೆ ಎಂದರೆ ಉಳಿದಿರುವುದು ಕಾಲು ಭಾಗ ಮಾತ್ರ. ಬುರುಡೆ ಎತ್ತರವನ್ನಷ್ಟೇ ಬಲ್ಲದು, ಆದ್ದರಿಂದ ಮುಳ್ಳು ‘ಅರ್ಧ’ ಎನ್ನುತ್ತದೆ. ಮುಕ್ಕಾಲು ದಾರಿ ಮುಗಿದಾಗ ಅರ್ಧ ದಾರಿ ಬಂದೆವು ಎಂದುಕೊಂಡವರ ಗತಿ ಏನು? ಯಾವ ವೈರೂ ಕೆಡದೆ, ಎಲ್ಲವೂ ಸರಿಯಿದ್ದೂ ಹುಟ್ಟುವ ಆಶಾವಾದ ಇದು. ವೇಗದ ದೋಣಿಯಲ್ಲಿ ಮೂತಿ ಮೇಲೆದ್ದಾಗ ಇಂಧನ ಹಿಂದಕ್ಕೆ ಸರಿಯುತ್ತದೆ. ಸೆಂಡರ್ ಹಿಂಬದಿಯಲ್ಲಿದ್ದರೆ ಹೆಚ್ಚು, ಮುಂಬದಿಯಲ್ಲಿದ್ದರೆ ಕಡಿಮೆ ತೋರಿಸುತ್ತದೆ. ಉದ್ದಗಲಗಳ ನಟ್ಟನಡುವೆ ಕೂರಿಸಿ ಎನ್ನುವುದು ಇದಕ್ಕೇ. ಪರಿಹಾರ ಒಂದೇ, ಬೇಸರದ್ದು, ಆದರೆ ಸೋಲಿಲ್ಲದ್ದು: ಬರಿದಾದ ಟ್ಯಾಂಕಿಗೆ ಅಳೆದ ಡೀಸೆಲ್ಲನ್ನು ಕ್ಯಾನು ಕ್ಯಾನಾಗಿ ಹೊಯ್ಯುತ್ತ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಂಡು, ಆ ಚೀಟಿಯನ್ನು ಗೇಜಿನ ಪಕ್ಕ ಅಂಟಿಸುವುದು. ಹೊಯ್ಯುವಾಗ ಮೊದಲ ಕ್ಯಾನನ್ನು ಲೆಕ್ಕಕ್ಕೆ ಹಿಡಿಯಬಾರದು. ಎಂಜಿನ್ನಿಗೆ ಹೀರುವ ಪೈಪು ಟ್ಯಾಂಕಿನ ತಳದಿಂದ ತುಸು ಮೇಲೇ ನಿಂತಿರುತ್ತದೆ, ತಳದ ನೀರು ಮತ್ತು ಗಸಿ ಒಳಗೆ ಹೋಗದಿರಲಿ ಎಂದು. ಕಡಲು ಕುಲುಕುವಾಗ ಆ ಬಾಯಿ ಇನ್ನೂ ಬೇಗ ಗಾಳಿ ಹೀರುತ್ತದೆ. ಹಾಗಾಗಿ ದೋಣಿಯ ಸೊನ್ನೆ ತಳದಲ್ಲಿಲ್ಲ. ಅಮೆರಿಕದ ವಿಮಾನ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳಿವೆ: ಬಳಸಲಾಗದ ಇಂಧನವಷ್ಟೇ ಉಳಿದಾಗ ಗೇಜು ಸೊನ್ನೆ ತೋರಿಸಬೇಕು. ಹತ್ತು ಲೀಟರ್ ಕಣ್ಣಿಗೆ ಕಾಣುತ್ತಿದ್ದರೂ ಎಂಜಿನ್ನಿಗೆ ಎಟುಕದಿದ್ದರೆ ಅದು ಇಲ್ಲದಂತೆಯೇ ಲೆಕ್ಕ. ಇದನ್ನು ಗಡಿಯಾರ ಮುಂದಿಟ್ಟ ಕಪಟದ ಜೊತೆ ಸೇರಿಸಲಾಗದು.

ಪೆಟ್ರೋಲ್ ಟ್ಯಾಂಕಿನೊಳಕ್ಕೆ ಕರೆಂಟು ಬಿಡುವುದೇ ಹುಚ್ಚುತನ ಎನ್ನುವವರ ಭಯ ಸಹಜವಾದದ್ದು, ಆದರೆ ಅದು ತಪ್ಪು ಜಾಗ ನೋಡಿ ಹೆದರುತ್ತಿದೆ. ಪೆಟ್ರೋಲಿನ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡದ ನಡುವೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಬಳಕೆಯಲ್ಲಿರುವ ಮುಚ್ಚಿದ ಟ್ಯಾಂಕಿನೊಳಗೆ, ಅದರಲ್ಲೂ ನಮ್ಮ ಕರಾವಳಿಯ ಸೆಕೆಯಲ್ಲಿ, ಆವಿ ಅದಕ್ಕಿಂತ ಎಷ್ಟೋ ದಟ್ಟ. ಸೆಂಡರಿನಲ್ಲಿ ಹಾಯುವ ಕರೆಂಟೂ ಅತ್ಯಲ್ಪ. ಕಾರುಗಳಲ್ಲಿ ಇಡೀ ಎಲೆಕ್ಟ್ರಿಕ್ ಪಂಪೇ ಪೆಟ್ರೋಲಿನಲ್ಲಿ ಮುಳುಗಿ ಕೂತಿರುತ್ತದೆ. ಹೆದರಬೇಕಾದದ್ದು ಎರಡು ಕಡೆ. ತೂತು ಕೊರೆಯುವ ಹೊತ್ತಿನಲ್ಲಿ, ಏಕೆಂದರೆ ಬಸಿದು ಖಾಲಿ ಮಾಡಿದ ಪೆಟ್ರೋಲ್ ಟ್ಯಾಂಕಿನೊಳಗೆ ಆವಿ ತೆಳ್ಳಗಾಗಿ ಸರಿಯಾಗಿ ಹೊತ್ತುವ ಹದಕ್ಕೆ ಬಂದಿರುತ್ತದೆ. ಅಂಥ ಟ್ಯಾಂಕಿಗೆ ಡ್ರಿಲ್ ಹಚ್ಚುವ ಕೆಲಸ ಹವ್ಯಾಸಿಗಳದ್ದಲ್ಲ. ಮತ್ತು ಸೆಂಡರಿನ ಕೆಳಗಿನ ಗ್ಯಾಸ್ಕೆಟ್ಟಿನಲ್ಲಿ. ಅದು ಸಡಿಲವಾದರೆ ಗಾಳಿಗಿಂತ ಭಾರವಾದ ಆವಿ ಸದ್ದಿಲ್ಲದೆ ದೋಣಿಯ ತಳಕ್ಕಿಳಿದು, ಗಾಳಿಯೊಂದಿಗೆ ಬೆರೆತು, ಎಂಜಿನ್ನಿನ ಸ್ಟಾರ್ಟರಿಗಾಗಿ ಕಾಯುತ್ತದೆ. ಅಮೆರಿಕದ ಪೆಟ್ರೋಲ್ ದೋಣಿಗಳ ನಿಯಮ ಲೋಹದ ಟ್ಯಾಂಕಿಗೂ ತುಂಬಿಸುವ ಬಾಯಿಗೂ ಅರ್ತ್ ಕೊಟ್ಟಿರಬೇಕು, ಅರ್ತಿಗೂ ಅವುಗಳಿಗೂ ನಡುವಿನ ತಡೆ 100 ಓಮಿನೊಳಗಿರಬೇಕು ಎನ್ನುವುದು ತುಂಬಿಸುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತಿನ ಕಿಡಿಗೆ ಹೆದರಿ. ಡೀಸೆಲ್ ಟ್ಯಾಂಕು ಇಷ್ಟು ರಂಪ ಮಾಡುವುದಿಲ್ಲ. ಅಲ್ಲಿ ಕೊರೆದ ಚೂರು ಒಳಗೆ ಬೀಳದಂತೆ ಡ್ರಿಲ್ಲಿನ ತುದಿಗೆ ದಪ್ಪ ಗ್ರೀಸ್ ಮೆತ್ತಿಕೊಂಡರೆ ಬಹುಪಾಲು ಕೆಲಸ ಸುರಳೀತ.

ಈಗಾಗಲೇ 10–180ರ ಸೆಂಡರ್ ಹಾಕಿಸಿಕೊಂಡವರು ಇದನ್ನು ಓದಿ ಅದನ್ನು ಕಿತ್ತೆಸೆಯಬೇಕಿಲ್ಲ. ಗೇಜಿನ ಹಿಂದಿನ ಮತ್ತು ಸೆಂಡರಿನ ತಲೆಯ ಮೇಲಿನ ಜಾಯಿಂಟುಗಳನ್ನು ಹೊಸದಾಗಿ ಕಟ್ಟಿ, ತವರ ಲೇಪಿಸಿದ ತಾಮ್ರದ ವೈರು ಹಾಕಿ, ಗ್ರೀಸ್ ಮೆತ್ತಿಟ್ಟರೆ ಕಿಲುಬಿನ ಸುಳ್ಳು ಬಹಳ ಮಟ್ಟಿಗೆ ತಡವಾಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯುವಂತಿಲ್ಲ. ಬಲೆ ಹೆಣೆಯುವ, ಬಣ್ಣ ಬಳಿಯುವ, ಎಂಜಿನ್ ಬಿಚ್ಚುವ ಆ 61 ದಿನಗಳಲ್ಲಿ ಇದಕ್ಕೆ ಐದು ನಿಮಿಷ ಸಾಕು. ಕೀ ಆನ್ ಮಾಡಿ, ಸೆಂಡರಿನ ವೈರು ಕಿತ್ತು ಗಾಳಿಯಲ್ಲಿ ಹಿಡಿಯಬೇಕು, ಮುಳ್ಳು ಎತ್ತ ಹೋಗುತ್ತದೆ ನೋಡಬೇಕು. ನೆಗೆಟಿವ್‌ಗೆ ಮುಟ್ಟಿಸಿ ಮತ್ತೆ ನೋಡಬೇಕು. ಪೆಟ್ರೋಲ್ ದೋಣಿಯಾದರೆ ಇದನ್ನು ಟ್ಯಾಂಕಿನ ಹತ್ತಿರ ಮಾಡದೆ ಗೇಜಿನ ಹಿಂಬದಿಯಲ್ಲೇ ಮಾಡಬೇಕು. ಎರಡೂ ಸಲ ಮುಳ್ಳು ಕೊನೆಯಿಂದ ಕೊನೆಗೆ ಓಡಿದರೆ ಗೇಜು ಸರಿಯಿದೆ. ಉಳಿದದ್ದು ವೈರಿನದ್ದು ಮತ್ತು ಬುರುಡೆಯದ್ದು. ಅವನ್ನು ಓಮ್ ಅಳೆದು ಹಿಡಿಯಬಹುದು. ವೈರು ಕಿತ್ತಾಗ ಮುಳ್ಳು ಯಾವ ಕಡೆ ಹೋಯಿತು, ಮುಟ್ಟಿಸಿದಾಗ ಯಾವ ಕಡೆ ಹೋಯಿತು ಎಂಬುದನ್ನು ಗೇಜಿನ ಪಕ್ಕ ಅಂಟಿಸಿದ ಆ ಚೀಟಿಯ ಕೆಳಗೇ, ಮಳೆಗೆ ಅಳಿಯದ ಮಸಿಯಲ್ಲಿ ಬರೆದಿಡಬೇಕು, ಯಜಮಾನನ ಕಣ್ಣಿಗಲ್ಲ, ಅವತ್ತು ಚುಕ್ಕಾಣಿ ಹಿಡಿದವನ ಕಣ್ಣಿಗೆ ಬೀಳುವಂತೆ.